ಅಮ್ಮನ ಜಗಲಿಗೆ ಮೂರಡಿ ಜಾಗ

ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘ ಕಳಿಸಿದ ಕಾಗದದ ಜೊತೆ ಒಂದು ಫೋಟೊ ಇತ್ತು. ಅದರಲ್ಲಿ ನಮ್ಮ ಗ್ಯಾರೇಜ್ ಬಾಗಿಲು ಪೂರ್ತಿ ಮೇಲೆದ್ದಿತ್ತು. ಒಳಗಿನ ನೆರಳಲ್ಲಿ ಒಂದು ಮಡಚುವ ಕುರ್ಚಿ, ಕುರ್ಚಿಯಲ್ಲಿ ಅಮ್ಮ. ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಮಡಿಲಲ್ಲಿದ್ದ ಸ್ಟೀಲ್ ತಟ್ಟೆ ಮಾತ್ರ ಕಾಣುತ್ತಿತ್ತು. ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು.

ಕಾಗದ ಸಭ್ಯವಾಗಿಯೇ ಇತ್ತು. ಕಾರು ತೆಗೆಯುವಾಗ, ಇಡುವಾಗ ಬಿಟ್ಟರೆ ಉಳಿದ ಹೊತ್ತಲ್ಲಿ ಗ್ಯಾರೇಜ್ ಬಾಗಿಲು ಮುಚ್ಚಿರಬೇಕು, ದಯವಿಟ್ಟು ಗಮನಿಸಿ, ಅಷ್ಟೇ. ದಂಡ ಗಿಂಡ ಏನೂ ಇರಲಿಲ್ಲ. ಆದರೆ ಆ ಫೋಟೊ ನೋಡಿ ನನಗೆ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಅಮ್ಮ ತೀರ್ಥಹಳ್ಳಿ ಕಡೆಯವಳು. ನಲವತ್ತು ವರ್ಷ ಜಗಲಿಯಲ್ಲಿ ಕೂತು ಅಡಿಕೆ ಸುಲಿದವಳು, ಹೋಗುವವರನ್ನು ಬರುವವರನ್ನು ಮಾತಾಡಿಸಿದವಳು. ಇಲ್ಲಿ ಮಗಳ ಮನೆಯಲ್ಲಿ ಅವಳಿಗೆ ಸಿಕ್ಕ ಜಗಲಿ ಅಂದರೆ ಗ್ಯಾರೇಜ್. ಈಗ ಅದೂ ಇಲ್ಲ.

ಇದು 2023ರ ಏಪ್ರಿಲ್ ಮಾತು. ನಾವಿರೋದು ಟೆಕ್ಸಸ್‌ನಲ್ಲಿ, ಹ್ಯೂಸ್ಟನ್‌ನ ನೈಋತ್ಯಕ್ಕಿರುವ ಫೋರ್ಟ್ ಬೆಂಡ್ ಕೌಂಟಿಯಲ್ಲಿ, ಯಾವ ಊರಿನ ಗಡಿಯೊಳಗೂ ಬರದ ಒಂದು ಬಡಾವಣೆಯಲ್ಲಿ. ಈ ಭಾಗದ್ದೇ ಒಂದು ವಿಶೇಷ ಇದೆ. ಹ್ಯೂಸ್ಟನ್ ನಗರಕ್ಕೇ ಝೋನಿಂಗ್ ಕಾನೂನು, ಅಂದರೆ ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಕಾನೂನು, ಇಲ್ಲ. 1948, 1962, 1993, ಮೂರು ಸಲವೂ ಜನ ಮತ ಹಾಕಿ ಬೇಡ ಅಂದರು. ಟೆಕ್ಸಸ್‌ನಲ್ಲಿ ಕೌಂಟಿಗಳಿಗೂ ಸಾಮಾನ್ಯವಾಗಿ ಝೋನಿಂಗ್ ಅಧಿಕಾರ ಇಲ್ಲ. ಹಾಗಾಗಿ ಪಕ್ಕದ ಮನೆ ಹೇಗಿರಬೇಕು, ಎಷ್ಟು ಜಾಗ ಬಿಡಬೇಕು, ಚಾವಣಿಗೆ ಯಾವ ಬಣ್ಣ ಅನ್ನೋದನ್ನೆಲ್ಲ ಹಿಡಿದಿಡೋದು ಮನೆ ಕೊಳ್ಳುವಾಗ ನಾವೇ ಒಪ್ಪಿಕೊಂಡು ಬಂದ ಷರತ್ತುಗಳು. ಆ ಷರತ್ತುಗಳನ್ನು ನೋಡಿಕೊಳ್ಳೋದು ಮನೆ ಮಾಲೀಕರ ಸಂಘ, ಅಂದರೆ ಎಚ್‌ಓಎ. ಅದರ ಕೆಳಗೆ ಮನೆಯ ಹೊರಗಿನ ಬದಲಾವಣೆಗಳನ್ನು ನೋಡಲು ಒಂದು ಸಮಿತಿ. ಇಲ್ಲಿ ಎಲ್ಲರೂ ಅದನ್ನು ಎಆರ್‌ಸಿ ಅಂತಾರೆ.

ನಮ್ಮ ಹಿತ್ತಲು ಪಶ್ಚಿಮಕ್ಕಿದೆ. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರ ತನಕ ನೇರ ಬಿಸಿಲು. ಅಲ್ಲಿ ಒಂದು ಮಾಡು ಇಳಿಸಿದರೆ ಅಮ್ಮನಿಗೆ ಕೂರಲು ಜಾಗ ಆಗುತ್ತೆ ಅಂತ ನಾನೂ ನನ್ನ ಗಂಡನೂ ಅಂದುಕೊಂಡೆವು. ಇಲ್ಲಿನವರ ಮಾತಲ್ಲಿ ಪ್ಯಾಟಿಯೊ ಕವರ್. 18 ಅಡಿ ಅಗಲ, 12 ಅಡಿ ಆಳ, ನಾಲ್ಕು ಕಂಬ. ಮೇಲೆ ಮನೆಗೆ ಹೊದಿಸಿದ್ದೇ ಶಿಂಗಲ್, ಅಂದರೆ ಹೆಂಚಿನ ಬದಲು ಚಾವಣಿಗೆ ಹೊದಿಸುವ ಬಿಲ್ಲೆ.

ಶಿವಮೊಗ್ಗದಿಂದ ಅಣ್ಣ ಫೋನಲ್ಲಿ, "ಕಟ್ಟಿಬಿಡು ಮಾರಾಯ್ತಿ, ಆಮೇಲೆ ನೋಡ್ಕೊಂಡ್ರಾಯ್ತು" ಅಂದ. ನಮ್ಮ ಕಡೆ ಅದು ರೂಢಿ. ಮೊದಲು ಕಟ್ಟೋದು, ಆಮೇಲೆ ಅಕ್ರಮ-ಸಕ್ರಮ ಯಾವಾಗ ಬರುತ್ತೆ ಅಂತ ಕಾಯೋದು. ಆ ಯೋಜನೆಗೇ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಆದರೂ ಜನರ ನಂಬಿಕೆ ಹೋಗಿಲ್ಲ. ಇಲ್ಲಿ ಆ ದಾರಿ ಹಿಡಿದ ಒಂದು ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇತ್ತು. ಕಾಂಕ್ರೀಟ್ ಹಾಕಿಸಿ, ಕಂಬ ನಿಲ್ಲಿಸಿದ ಮೇಲೆ ಅರ್ಜಿ ಹಾಕಿದ್ದರು. ಬೇಸಿಗೆಯ ಒಂದು ವಾರ ಪೂರ್ತಿ ಆ ಕಾಂಕ್ರೀಟ್ ಒಡೆಯುವ ಸದ್ದು ನಮ್ಮ ಅಡುಗೆಮನೆ ತನಕ ಕೇಳುತ್ತಿತ್ತು. ಕಟ್ಟಿದ ಮೇಲೆ ಕೇಳುವ ವಿನಾಯಿತಿಯನ್ನು ಯಾವ ಸಮಿತಿಯೂ ಒಳ್ಳೆ ಮನಸ್ಸಿಂದ ನೋಡೋದಿಲ್ಲ. ಒಬ್ಬರಿಗೆ ಹಾಗೆ ಕೊಟ್ಟರೆ ಉಳಿದವರು ಕೇಳೋದನ್ನೇ ಬಿಡ್ತಾರೆ ಅನ್ನೋ ಭಯ ಅವರಿಗೆ. ಆ ಭಯ ಸುಳ್ಳೂ ಅಲ್ಲ.

ಮೊದಲು ಕಾಗದ ಓದಲು ಕೂತೆ. ಮನೆ ಕೊಳ್ಳುವಾಗ ಸಹಿ ಹಾಕಿ ಡ್ರಾಯರಿನಲ್ಲಿ ಇಟ್ಟ ಕಟ್ಟು ಅದು. ಮೂರು ಬೇರೆ ಬೇರೆ ಕಾಗದ ಇರುತ್ತವೆ, ಮೂರೂ ಬೇಕು. ಒಂದು ಪ್ಲಾಟ್, ಅಂದರೆ ಬಡಾವಣೆಯ ನಕ್ಷೆ. ಇನ್ನೊಂದು ಡಿಕ್ಲರೇಷನ್, ಅಂದರೆ ಷರತ್ತುಗಳ ಮೂಲ ಪತ್ರ. ಮೂರನೆಯದು ಸಮಿತಿಯ ಮಾರ್ಗಸೂಚಿ. ರಿಚ್‌ಮಂಡ್‌ನಲ್ಲಿರುವ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಇವೆಲ್ಲ ದಾಖಲಾಗಿರುತ್ತವೆ. ನಮ್ಮ ಪ್ಲಾಟ್ ಪ್ರಕಾರ ಮುಂದೆ 25 ಅಡಿ ಬಿಡಬೇಕು. ಹಿಂದೆ 7 ಅಡಿ ಯುಟಿಲಿಟಿ ಈಸ್‌ಮೆಂಟ್, ಅಂದರೆ ಕರೆಂಟು, ಕೇಬಲ್ ಹೋಗುವ ಪಟ್ಟಿ. ಮಾರ್ಗಸೂಚಿ ಇನ್ನೂ ಬಿಗಿ. ಚಾವಣಿ ಇರುವ ಯಾವುದೇ ಕಟ್ಟಡ ಹಿಂದಿನ ಗಡಿಯಿಂದ 15 ಅಡಿ ದೂರ ಇರಬೇಕು.

ಈ ಎರಡರ ವ್ಯತ್ಯಾಸ ನನಗೆ ಆಗ ಗೊತ್ತಿರಲಿಲ್ಲ. 15 ಅಡಿಯ ನಿಯಮ ಸಂಘದ್ದು, ಅದನ್ನು ಸಂಘ ಸಡಿಲಿಸಬಹುದು. ಈಸ್‌ಮೆಂಟ್ ಸಂಘದ ಕೈಲಿ ಇಲ್ಲವೇ ಇಲ್ಲ. ಅದು ಆ ಕಂಪನಿಗಳ ಹಕ್ಕು. ಸಂಘ ಬರೆದುಕೊಟ್ಟರೂ ಅದರ ಮೇಲೆ ಕಂಬ ನಿಲ್ಲಿಸುವ ಹಾಗಿಲ್ಲ. ನೆಲದಡಿಯ ತಂತಿ, ಪೈಪು ಎಲ್ಲಿವೆ ಅಂತ ಗುರುತು ಮಾಡಿಸಿಕೊಡುವ 811 ನಂಬರಿಗೆ ಫೋನ್ ಮಾಡಿದೆವು. ದುಡ್ಡಿಲ್ಲದೆ ಬಂದು ಹುಲ್ಲಿನ ಮೇಲೆ ಬಣ್ಣ ಹೊಡೆದು, ಬಾವುಟ ನೆಟ್ಟು ಹೋದರು. ಕೆಂಪು ಅಂದರೆ ಕರೆಂಟು, ಕಿತ್ತಳೆ ಅಂದರೆ ಕೇಬಲ್, ಹಳದಿ ಅಂದರೆ ಗ್ಯಾಸ್. ಹಿತ್ತಲ ತುಂಬ ಪುಟ್ಟ ಬಾವುಟ ನೋಡಿ ಅಮ್ಮ, ಯಾವ ಹಬ್ಬ ಇವತ್ತು ಅಂತ ಕೇಳಿದಳು.

ಅಳತೆ ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ. ನಿವೇಶನದ ಮೂಲೆಗಳಲ್ಲಿ ಸರ್ವೆಯವರು ಹೂತ ಕಬ್ಬಿಣದ ಸರಳು ಇರುತ್ತೆ. ಒಂದು ಸಿಕ್ಕಿತು. ಇನ್ನೊಂದು ಬೇಲಿಯ ಬುಡದಲ್ಲಿ ಒಂದು ಗೇಣು ಮಣ್ಣಿನಡಿ ಇತ್ತು. ಎರಡಕ್ಕೂ ದಾರ ಕಟ್ಟಿದೆವು. ಟೇಪಿನ ಒಂದು ತುದಿ ಗೋಡೆಗೆ ಹಿಡಿದು ಅಮ್ಮ ನಿಂತಳು. ಇನ್ನೊಂದು ತುದಿ ನನ್ನ ಗಂಡನ ಕೈಲಿ. ಜಗಲಿ ಬರಬೇಕಾದ ಜಾಗದ ಎಡ ತುದಿಯಲ್ಲಿ ಗೋಡೆಯಿಂದ ಗಡಿಗೆ 24 ಅಡಿ. ಬಲ ತುದಿಯಲ್ಲಿ 28. ಗಡಿ ಓರೆಯಾಗಿ ಓಡಿತ್ತು. ಆಳ 12 ಅಡಿ ತೆಗೆದರೆ ಬಲಗಡೆ 16 ಉಳಿಯುತ್ತೆ, ಸರಿ. ಎಡಗಡೆ ಉಳಿಯೋದು 12. ಮೂರಡಿ ಕಮ್ಮಿ. ಕಾಗದದ ಮೇಲೆ ಬರೆದು ನೋಡಿದರೆ ನಿಯಮ ಮೀರೋದು ಒಂದು ಚೂಪು ತ್ರಿಕೋನ, ಸುಮಾರು 20 ಚದರ ಅಡಿ. ಒಂದು ಮಂಚದಷ್ಟೂ ಇಲ್ಲ.

ಇದಕ್ಕೆ ಬೇಕಾದ್ದು ವೇರಿಯನ್ಸ್. ನಿಯಮ ಇರುತ್ತೆ, ನಿಮ್ಮೊಬ್ಬರ ಜಾಗಕ್ಕೆ, ಇಷ್ಟಕ್ಕೆ ಮಾತ್ರ, ಬರಹದಲ್ಲಿ ವಿನಾಯಿತಿ ಕೊಡ್ತೀವಿ ಅನ್ನೋದು.

ಮೊದಲ ಅರ್ಜಿಯಲ್ಲಿ ನಾನು ಅಮ್ಮನ ಬಗ್ಗೆ ಎರಡು ಪುಟ ಬರೆದೆ. ಅವಳ ಮಂಡಿ ನೋವು, ಜಗಲಿ, ಒಂಟಿತನ, ಎಲ್ಲ. ಬರೆಯುತ್ತಾ ಅತ್ತೂಬಿಟ್ಟೆ. ಅದರ ಜೊತೆ ಗುತ್ತಿಗೆದಾರ ಕೊಟ್ಟ ಚಿತ್ರ, ಶಿಂಗಲ್ ಮಾದರಿ, ಮನೆ ಕೊಂಡಾಗಿನ ಹಳೆ ಸರ್ವೆಯ ಪ್ರತಿ ಇಟ್ಟು ಏಪ್ರಿಲ್ ಕೊನೆಗೆ ಕಳಿಸಿದೆ. ಮೇ ಕೊನೆಗೆ ಉತ್ತರ ಬಂತು. ಒಂದೇ ಸಾಲು. "ಹಿಂದಿನ ಸೆಟ್‌ಬ್ಯಾಕ್ ಮೀರಿರುವುದರಿಂದ ನಿರಾಕರಿಸಲಾಗಿದೆ." ಸೆಟ್‌ಬ್ಯಾಕ್ ಅಂದರೆ ಗಡಿಯಿಂದ ಬಿಡಬೇಕಾದ ಜಾಗ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಎರಡು ಪುಟವನ್ನು ಯಾರಾದರೂ ಓದಿದರೋ ಇಲ್ಲವೋ ಅಂತಲೇ ಯೋಚನೆ.

ನನ್ನ ಆಫೀಸಿನ ಗೆಳತಿಯೊಬ್ಬಳು ಬೇರೆ ಬಡಾವಣೆಯಲ್ಲಿ ಇಂಥದ್ದನ್ನೇ ದಾಟಿದವಳು. ಕಾನೂನು ಓದು ಅಂದಳು. ಟೆಕ್ಸಸ್ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯ. 2021ರ ಸೆಪ್ಟೆಂಬರಿನಿಂದ ಅದರಲ್ಲಿ ಒಂದು ಹೊಸ ಕಲಂ ಇದೆ, 40ಕ್ಕಿಂತ ಜಾಸ್ತಿ ನಿವೇಶನ ಇರುವ ಸಂಘಗಳಿಗೆ. ಆಡಳಿತ ಮಂಡಳಿಯಲ್ಲಿ ಇರುವವರು, ಅವರ ಗಂಡ ಅಥವಾ ಹೆಂಡತಿ, ಅವರ ಮನೆಯಲ್ಲೇ ವಾಸ ಇರುವವರು ಯಾರೂ ಎಆರ್‌ಸಿಯಲ್ಲಿ ಇರಬಾರದು. ಅರ್ಜಿ ನಿರಾಕರಿಸಿದರೆ ಕಾರಣವನ್ನು ಸಾಕಷ್ಟು ವಿವರವಾಗಿ ಬರೆದು ಕೊಡಬೇಕು. ಏನು ಬದಲಾಯಿಸಿದರೆ ಒಪ್ಪಬಹುದು ಅನ್ನೋದನ್ನೂ ಹೇಳಬೇಕು. 30 ದಿನದೊಳಗೆ ಮಂಡಳಿಯ ಮುಂದೆ ವಿಚಾರಣೆ ಕೇಳಬಹುದು ಅಂತ ತಿಳಿಸಬೇಕು. ಕೇಳಿದರೆ ಮಂಡಳಿ ಇನ್ನು 30 ದಿನದೊಳಗೆ ಕೂರಬೇಕು, ಕೂರುವ ದಿನವನ್ನು ಕನಿಷ್ಠ 10 ದಿನ ಮುಂಚೆ ಹೇಳಬೇಕು. ಮಂಡಳಿ ಸಮಿತಿಯ ತೀರ್ಮಾನವನ್ನು ಎತ್ತಿ ಹಿಡಿಯಬಹುದು, ತಿದ್ದಬಹುದು, ತಿರುಗಿಸಬಹುದು.

ಆ ಒಂದು ಸಾಲಿನ ಕಾಗದದಲ್ಲಿ ಇದ್ಯಾವುದೂ ಇರಲಿಲ್ಲ. ಜಗಳದ ಧಾಟಿಯಲ್ಲಿ ಬರೆಯಲಿಲ್ಲ. ಕಲಂ ಸಂಖ್ಯೆ ಹಾಕಿ, ದಯವಿಟ್ಟು ವಿವರ ಕೊಡಿ ಅಂತ ನಾಲ್ಕು ಸಾಲು ಬರೆದೆ. ಹತ್ತು ದಿನದಲ್ಲಿ ಬೇರೆ ಕಾಗದ ಬಂತು. ಈ ಸಲ ಒಂದೂವರೆ ಪುಟ. ಓದಿ ನನಗೆ ನಾಚಿಕೆ ಆಯಿತು, ಯಾಕೆಂದರೆ ಅವರು ಹೇಳಿದ್ದು ಸರಿ ಇತ್ತು. ನಮ್ಮ ಚಿತ್ರದಲ್ಲಿ ಅಳತೆ ಕಂಬದ ತನಕ ಇತ್ತು. ನಿಯಮ ಅಳೆಯೋದು ಚಾವಣಿಯ ಅಂಚಿನ ತನಕ. ಸೂರು ಕಂಬದಿಂದ ಒಂದಡಿ ಆಚೆ ಚಾಚಿತ್ತು. ಹಾಗಾಗಿ ಎಡ ಮೂಲೆಯಲ್ಲಿ ಉಳಿಯೋದು 11 ಅಡಿ, ಮೀರೋದು ನಾಲ್ಕಡಿ. ತ್ರಿಕೋನ 20 ಚದರ ಅಡಿಯಿಂದ 36ಕ್ಕೆ ಏರಿತು. ಎರಡನೆಯದಾಗಿ, ಚಾವಣಿಯ ನೀರು ಎಲ್ಲಿ ಹೋಗುತ್ತೆ ಅಂತ ಎಲ್ಲೂ ತೋರಿಸಿರಲಿಲ್ಲ. ಮೂರನೆಯದು, ವೇರಿಯನ್ಸ್ ಯಾಕೆ ಕೊಡಬೇಕು ಅನ್ನೋದಕ್ಕೆ ನಿವೇಶನಕ್ಕೆ ಸಂಬಂಧಪಟ್ಟ ಕಾರಣ ಇಲ್ಲ.

ಈ ಮೂರನೆಯದರಲ್ಲೇ ಎಲ್ಲ ಇತ್ತು.

ಡಿಕ್ಲರೇಷನ್‌ನ ವೇರಿಯನ್ಸ್ ಕಲಮನ್ನು ಮತ್ತೆ ಓದಿದೆ. ನೆಲದ ಏರು ತಗ್ಗು, ಮರ, ನಿವೇಶನದ ಆಕಾರ, ಇಂಥ ಕಾರಣಕ್ಕೆ ನಿಯಮ ಪಾಲಿಸೋದು ಕಷ್ಟವಾದರೆ ಸಮಿತಿ ಬರಹದಲ್ಲಿ ವಿನಾಯಿತಿ ಕೊಡಬಹುದು, ಒಬ್ಬರಿಗೆ ಕೊಟ್ಟಿದ್ದು ಇನ್ನೊಬ್ಬರಿಗೆ ಕೊಡಲೇಬೇಕು ಅಂತೇನಿಲ್ಲ. ಇಡೀ ಕಲಮಿನಲ್ಲಿ ಮನೆಯೊಳಗಿನ ಮನುಷ್ಯರ ಮಾತೇ ಇಲ್ಲ. ಮೊದಲು ಕಲ್ಲಿನಂಥ ಮಾತು ಅನ್ನಿಸಿತು. ಆಮೇಲೆ ನಿಧಾನಕ್ಕೆ ಅರ್ಥ ಆಯಿತು. ನಾವು ಈ ಮನೆ ಮಾರಿ ಹೋಗಬಹುದು. ಅಮ್ಮ ಊರಿಗೆ ಹೋಗ್ತಾಳೆ. ಚಾವಣಿ ಮಾತ್ರ ಅಲ್ಲೇ ಇರುತ್ತೆ, ಹಿಂದಿನ ಮನೆಯವರು ಅದನ್ನು ದಿನಾ ನೋಡಬೇಕು. ಹಾಗಿದ್ದ ಮೇಲೆ ಕಾರಣವೂ ನೆಲದ ಜೊತೆ ಉಳಿಯುವಂಥದ್ದೇ ಆಗಬೇಕು. ನಮಗೆ ಯಾಕೆ ಬೇಕು ಅಂತ ಅವರು ಕೇಳಿರಲೇ ಇಲ್ಲ. ಈ ಜಾಗ ಉಳಿದ ಜಾಗಕ್ಕಿಂತ ಹೇಗೆ ಬೇರೆ ಅಂತ ಕೇಳಿದ್ದರು.

ಉತ್ತರ ನಕ್ಷೆಯಲ್ಲೇ ಇತ್ತು. ನಮ್ಮ ಬೀದಿ ಕೊನೆಯಾಗೋದು ಒಂದು ದುಂಡನೆ ತಿರುವಿನಲ್ಲಿ, ಇಲ್ಲಿ ಅದನ್ನು ಕಲ್‌ಡಿಸ್ಯಾಕ್ ಅಂತಾರೆ. ಅದರ ಸುತ್ತಲಿನ ನಿವೇಶನಗಳು ಬೀಸಣಿಗೆಯ ಕಡ್ಡಿಗಳ ಹಾಗೆ. ಮುಂದಿನ 25 ಅಡಿಯ ಗೆರೆ ಆ ದುಂಡನ್ನೇ ಹಿಡಿದು ಬರುತ್ತೆ, ಮನೆಯನ್ನು ಹಿಂದಕ್ಕೆ ತಳ್ಳುತ್ತೆ. ಹಿಂದಿನ ಗಡಿ ಓರೆ. ನೇರ ಬೀದಿಯ ಮನೆಗಳಿಗೆ ಗೋಡೆಯಿಂದ ಹಿಂದಿನ ಗಡಿಗೆ 30 ಅಡಿ ಸಲೀಸಾಗಿ ಸಿಗುತ್ತೆ, ಅವರು 12 ಅಡಿಯ ಜಗಲಿ ಕಟ್ಟಲು ಯಾರನ್ನೂ ವಿನಾಯಿತಿ ಕೇಳಬೇಕಿಲ್ಲ. ನಮ್ಮ ಭಾಗದ 58 ನಿವೇಶನಗಳಲ್ಲಿ ಈ ತೊಂದರೆ ಇರುವುದು ಆರಕ್ಕೆ. ನಕ್ಷೆಯಲ್ಲಿ ಆರಕ್ಕೂ ಬಣ್ಣ ಹಚ್ಚಿದೆ.

ಹೊಸ ಅರ್ಜಿ ಒಂದೇ ಪುಟ. ಅಮ್ಮನ ಮಾತು ಒಂದೂ ಇಲ್ಲದ ಹಾಗೆ ಬರೆಯೋದು ನಿಜಕ್ಕೂ ಕಷ್ಟ ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮವರು ಬಹಳ ಜನ ಕೇಳ್ತಾರೆ. ಎಲ್ಲದಕ್ಕೂ ಈ ದಾರಿ ಅಲ್ಲ. ಮನೆಯವರಲ್ಲಿ ಯಾರಿಗಾದರೂ ಅಂಗವೈಕಲ್ಯ ಇದ್ದು ಗಾಲಿಕುರ್ಚಿಗೆ ಇಳಿಜಾರು ಬೇಕು ಅಂದರೆ ಅದು ವೇರಿಯನ್ಸ್ ವಿಷಯವೇ ಅಲ್ಲ. 1988ರಲ್ಲಿ ತಿದ್ದುಪಡಿಯಾದ ಫೇರ್ ಹೌಸಿಂಗ್ ಆಕ್ಟ್ ಪ್ರಕಾರ ಅಂಥ ಸಮಂಜಸ ಬದಲಾವಣೆಗೆ ಸಂಘ ಬೇಡ ಅನ್ನುವ ಹಾಗಿಲ್ಲ. ಅಲ್ಲಿ ಮನುಷ್ಯರ ಮಾತನ್ನೇ ಬರೆಯಬೇಕು. ಹಾಗೇ ಬಾಗಿಲ ತೋರಣ, ಮನೆ ಮುಂದಿನ ತುಳಸಿ. 2011ರ ಟೆಕ್ಸಸ್ ಕಾನೂನಿನಲ್ಲಿ ಬಾಗಿಲಿನ ಧಾರ್ಮಿಕ ಗುರುತಿಗೆ ರಕ್ಷಣೆ ಇದ್ದದ್ದು ಬರೀ 25 ಚದರ ಇಂಚಿನ ತನಕ. 2021ರಲ್ಲಿ ಆ ಮಿತಿ ತೆಗೆದು ಅಂಗಳಕ್ಕೂ ವಿಸ್ತರಿಸಿದರು. ಆದರೂ ಕಟ್ಟೆ ಕಟ್ಟುವಾಗ ಸೆಟ್‌ಬ್ಯಾಕ್, ಈಸ್‌ಮೆಂಟ್ ಮೀರಬಾರದು. ಅದನ್ನು ಕಾನೂನೇ ಹೊರಗಿಟ್ಟಿದೆ.

ಅರ್ಜಿಯ ಜೊತೆ ಅಕ್ಕಪಕ್ಕದವರ ಸಹಿಯ ಹಾಳೆ ಬೇಕಿತ್ತು. ಸಹಿ ಅಂದರೆ ಒಪ್ಪಿಗೆ ಅಂತಲ್ಲ, ವಿಷಯ ಗೊತ್ತಾಗಿದೆ ಅಂತ. ಎಡ ಬಲದವರು ಬಾಗಿಲಲ್ಲೇ ಹಾಕಿಕೊಟ್ಟರು. ಹಿಂದಿನ ಮನೆಯವರನ್ನು ನಾನು ಆರು ವರ್ಷದಲ್ಲಿ ಒಮ್ಮೆಯೂ ಮಾತಾಡಿಸಿರಲಿಲ್ಲ. ಆರಡಿ ಎತ್ತರದ ಮರದ ಬೇಲಿ, ಬೇರೆ ಬೀದಿಗೆ ಬಾಗಿಲು. ಸುತ್ತು ಹಾಕಿ ಹೋಗಿ ಕರೆಗಂಟೆ ಒತ್ತಿದೆ. ಎಂಬತ್ತು ಸಮೀಪಿಸಿದ ಅಜ್ಜ, ಒಬ್ಬರೇ. ಚಿತ್ರ ತೋರಿಸಿದೆ. ಕನ್ನಡಕ ಹಣೆಗೆ ಏರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡಿದರು. ಸಹಿ ಹಾಕಲಿಲ್ಲ. ಬಾ ಅಂತ ಹಿತ್ತಲಿಗೆ ಕರೆದುಕೊಂಡು ಹೋದರು.

ನಮ್ಮ ಬೇಲಿಯ ಬುಡದಲ್ಲಿ, ಅವರ ಕಡೆ, ಹುಲ್ಲೇ ಇಲ್ಲದ ಒಂದು ಜಾಗ ಇತ್ತು. ಬಾಗಿಲಿನಷ್ಟು ಉದ್ದ. ಮಣ್ಣು ಕಪ್ಪಗೆ, ಮೇಲೆ ಹಸಿರು ಪಾಚಿ. ಮಳೆ ಬಂದು ಐದು ದಿನ ಆಗಿತ್ತು. ಅವರು ಕೈಯಲ್ಲಿದ್ದ ಕೋಲು ಊರಿದರು, ಅದು ಎರಡು ಇಂಚು ಇಳಿಯಿತು. ಎಳೆದಾಗ ಪಚಕ್ ಅಂತ ಸದ್ದು. ಇಲ್ಲಿಯ ನೆಲ ಜೇಡಿ, ಗಂಬೊ ಅಂತಾರೆ, ನೀರು ಇಂಗೋದೇ ಇಲ್ಲ. ನಿವೇಶನವನ್ನು ಹಿಂದಿನಿಂದ ಮುಂದಕ್ಕೆ ಇಳಿಜಾರು ಮಾಡಿ, ನೀರು ಬೀದಿಗೆ ಹೋಗುವ ಹಾಗೆ ಮಾಡಿರುತ್ತಾರೆ. ನಮಗಿಂತ ಮುಂಚೆ ಈ ಮನೆಯಲ್ಲಿದ್ದ ಮಾಲೀಕರು ಗಿಡದ ಪಾತಿ ಅಂತ ಬೇಲಿಯ ಪಕ್ಕ ಮಣ್ಣು ಏರಿಸಿದ್ದರು. ಆ ಮೂಲೆಯ ನೀರೆಲ್ಲ ಹಿಂದಕ್ಕೆ ತಿರುಗಿ ಅಜ್ಜನ ಹಿತ್ತಲಿಗೆ ಸೋರುತ್ತಿತ್ತು. ಆರು ವರ್ಷದಿಂದ. ನಾನು ಅದೇ ಪಾತಿಯಲ್ಲಿ ಕರಿಬೇವು ಬೆಳೆದಿದ್ದೆ.

"ನಿಮ್ಮ ಚಾವಣಿ ನನಗೆ ತೊಂದರೆ ಇಲ್ಲ. ಅದರ ನೀರು ತೊಂದರೆ" ಅಂದರು. ಇಷ್ಟೇ ಮಾತು. ಒಬ್ಬರ ಜಾಗದ ನೀರನ್ನು ತಿರುಗಿಸಿ ಇನ್ನೊಬ್ಬರಿಗೆ ಹಾನಿ ಮಾಡಬಾರದು ಅಂತ ಟೆಕ್ಸಸ್ ವಾಟರ್ ಕೋಡ್‌ನಲ್ಲೇ ಇದೆ. ಅವರು ಆರು ವರ್ಷ ಯಾರಿಗೂ ದೂರು ಕೊಟ್ಟಿರಲಿಲ್ಲ. ನನಗೆ ಮಾತು ಹೊರಡಲಿಲ್ಲ. ಆ ಶನಿವಾರ ನಾನೂ ನನ್ನ ಗಂಡನೂ ಸೇರಿ ಪಾತಿಯ ಮಣ್ಣು ತೆಗೆದೆವು, ಕರಿಬೇವನ್ನು ಕುಂಡಕ್ಕೆ ಏರಿಸಿದೆವು. ಹೊಸ ಚಿತ್ರದಲ್ಲಿ ಸೂರಿನ ಉದ್ದಕ್ಕೂ ಚಾವಣಿಯ ನೀರು ಹಿಡಿಯುವ ಗಟರ್, ಎಡ ಮೂಲೆಯಿಂದ ಕೊಳವೆ, ಅಲ್ಲಿಂದ ನೆಲದಡಿ ಪೈಪಿನಲ್ಲಿ ಮನೆಯ ಪಕ್ಕದಿಂದ ಬೀದಿಗೆ. ಅದನ್ನು ತೋರಿಸಲು ಮತ್ತೆ ಹೋದೆ. ಸಹಿ ಹಾಕಿದರು, ಕೆಳಗೆ "ಗಟರ್ ಹಾಕಿದರೆ" ಅಂತಲೂ ಬರೆದರು.

ಮಂಡಳಿಯ ಮುಂದೆ ನಾನು ಕೇಳಿದ್ದ ವಿಚಾರಣೆ ಜುಲೈನಲ್ಲಿ, ಈಜುಕೊಳದ ಪಕ್ಕದ ಕ್ಲಬ್‌ಹೌಸಿನಲ್ಲಿ, ಸಂಜೆ ಏಳಕ್ಕೆ. ಬೇಕಾದರೆ ಆಡಿಯೊ ರೆಕಾರ್ಡ್ ಮಾಡಿಕೊಳ್ಳಬಹುದು, ಅದೂ ಕಾನೂನಿನಲ್ಲಿದೆ. ನಾನು ಮಾಡಿಕೊಳ್ಳಲಿಲ್ಲ. ಮಂಡಳಿಯವರು ಮೂವರು, ಎಲ್ಲರೂ ಕೆಲಸ ಮುಗಿಸಿ ಬಂದವರು. ಒಬ್ಬರ ಮಗು ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿತ್ತು. ಇವರಿಗೆ ಇದಕ್ಕೆ ಸಂಬಳ ಇಲ್ಲ. ಆ ಒಂದು ಸಾಲಿನ ಕಾಗದ ಓದಿದಾಗ ನನ್ನ ತಲೆಯಲ್ಲಿ ಇದ್ದ ಮುಖಗಳೇ ಬೇರೆ.

ಒಬ್ಬರು ನೇರವಾಗಿ ಕೇಳಿದರು. ನಿಮಗೆ ಕೊಟ್ಟರೆ ನಾಳೆ ಹತ್ತು ಜನ ಬರ್ತಾರೆ, ಅವರಿಗೆ ಏನು ಹೇಳಲಿ? ಬಣ್ಣ ಹಚ್ಚಿದ ನಕ್ಷೆ ಮೇಜಿನ ಮೇಲೆ ಬಿಡಿಸಿದೆ. ಈ ಆರು ಮನೆಯವರು ಬಂದರೆ ಅವರ ಅಳತೆ ನೋಡಿ, ಉಳಿದವರಿಗೆ ಈ ಕಾರಣ ಇಲ್ಲ ಅಂತ ಹೇಳಬಹುದು ಅಂದೆ. ಅವರು ನಕ್ಷೆಯ ಮೇಲೆ ಬೆರಳಿಟ್ಟು ಆರೂ ಎಣಿಸಿದರು. ಆಗ ನನಗೆ ಅವರ ಕಷ್ಟವೂ ಕಂಡಿತು. ಟೆಕ್ಸಸ್‌ನಲ್ಲಿ ಸಂಘದ ತೀರ್ಮಾನ ಸರಿ ಅಂತಲೇ ನ್ಯಾಯಾಲಯ ಮೊದಲು ಭಾವಿಸುತ್ತೆ. ಮನಸ್ಸಿಗೆ ಬಂದ ಹಾಗೆ ಮಾಡಿದ್ದಾರೆ, ಅಥವಾ ತಾರತಮ್ಯ ಮಾಡಿದ್ದಾರೆ ಅಂತ ಸಾಬೀತಾದರೆ ಮಾತ್ರ ಅದು ಬೀಳುತ್ತೆ. ಹಾಗಾಗಿ ಒಬ್ಬರಿಗೆ ಹೌದು ಅನ್ನುವಾಗ ಅವರು ಮುಂದಿನವರಿಗೆ ಕೊಡಬೇಕಾದ ಉತ್ತರವನ್ನೂ ಜೊತೆಗೇ ಇಟ್ಟುಕೊಳ್ಳಬೇಕು. ಆ ಉತ್ತರವನ್ನು ನಾವೇ ಬರೆದುಕೊಂಡು ಹೋದರೆ ಅವರಿಗೆ ಹೌದು ಅನ್ನೋದು ಸುಲಭ.

ತೀರ್ಮಾನ ಅಂದೇ ಆಯಿತು. ಸಮಿತಿಯ ನಿರಾಕರಣೆಯನ್ನು ತಿದ್ದಿದರು. ಆಳ ಕಂಬದ ತನಕ 11 ಅಡಿ, ಸೂರು ಗಟರ್ ಸೇರಿಸಿ ಒಂದಡಿ ಮೀರಬಾರದು. ಆಗ ಎಡ ಮೂಲೆಯಲ್ಲಿ ಉಳಿಯೋದು 12 ಅಡಿ, ವಿನಾಯಿತಿ ಮೂರಡಿಗೆ. ಗಟರ್, ಪೈಪು ಕಡ್ಡಾಯ. ಶಿಂಗಲ್ ಮನೆಗೆ ಹೊಂದಬೇಕು. ಮುಂದೆ ಎಂದಾದರೂ ಗೋಡೆ ಕಟ್ಟಿ ಕೋಣೆ ಮಾಡುವ ಹಾಗಿಲ್ಲ. ಆರು ತಿಂಗಳೊಳಗೆ ಕೆಲಸ ಮುಗಿಯಬೇಕು. ಸಹಿ ಹಾಕಿದ ಪತ್ರವನ್ನು ರಿಚ್‌ಮಂಡ್‌ಗೆ ಹೋಗಿ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲು ಮಾಡಿಸಿದೆ. ಇದನ್ನು ಬಹಳ ಜನ ಬಿಟ್ಟುಬಿಡ್ತಾರೆ. ಮಂಡಳಿ ಬದಲಾಗುತ್ತೆ, ನಿರ್ವಹಣೆ ಕಂಪನಿ ಬದಲಾಗುತ್ತೆ, ಇಮೇಲ್ ಕಳೆದುಹೋಗುತ್ತೆ. ಮನೆ ಮಾರುವ ದಿನ ಯಾರಾದರೂ ಈ ಕಂಬ ಇಲ್ಲಿ ಯಾಕಿದೆ ಅಂತ ಕೇಳಿದರೆ ತೋರಿಸಲು ದಾಖಲೆ ಬೇಕು.

ಆ ವರ್ಷದ ಬೇಸಿಗೆ ಹ್ಯೂಸ್ಟನ್ ಕಂಡ ಬೇಸಿಗೆಗಳಲ್ಲೇ ಅತಿ ಬಿಸಿಯದು. ಆಗಸ್ಟ್ 27ರಂದು 109 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 43. ಗುತ್ತಿಗೆದಾರ ಸೆಪ್ಟೆಂಬರ್ ಕೊನೆಗೆ ಬರ್ತೀನಿ ಅಂದ. ಅಮ್ಮ ಇಲ್ಲಿ ಇರಬಹುದಾದ ಆರು ತಿಂಗಳು ಸೆಪ್ಟೆಂಬರ್ ಮೊದಲ ವಾರಕ್ಕೇ ಮುಗಿಯಿತು. ಜಗಲಿಯ ಜಾಗದಲ್ಲಿ ಸುಣ್ಣದ ಗೆರೆ ಎಳೆದಿದ್ದೆವು. ಹೊರಡುವ ದಿನ ಅದರೊಳಗೆ ನಿಂತು ಒಂದು ಸುತ್ತು ನೋಡಿದಳು. ಇಷ್ಟು ಸಾಕು ಅಂದಳು.

ಮುಂದಿನ ವರ್ಷ ಫೆಬ್ರುವರಿಯಲ್ಲಿ ಎಆರ್‌ಸಿಗೆ ಜನ ಬೇಕು ಅಂತ ಕೇಳಿದರು. ಸೇರಿದೆ. ತಿಂಗಳಿಗೆ ಎಂಟು ಹತ್ತು ಅರ್ಜಿ ಬರುತ್ತವೆ. ಹೆಚ್ಚಿನವು ಬೇಲಿ, ಬಣ್ಣ, ಶೆಡ್. ಮೊದಲ ಸಭೆಯಲ್ಲೇ ನಾನು ಕೇಳಿದ್ದು ಎರಡು. ನಿರಾಕರಿಸುವ ಕಾಗದದಲ್ಲಿ ಏನು ಬದಲಾಯಿಸಿದರೆ ಆಗುತ್ತೆ ಅನ್ನೋದನ್ನು ಮೊದಲ ಸಾಲಿನಲ್ಲೇ ಬರೆಯೋಣ. ಮತ್ತೆ, ಇಲ್ಲಿ ತನಕ ಕೊಟ್ಟ ವೇರಿಯನ್ಸ್‌ಗಳದ್ದು ಒಂದು ಪಟ್ಟಿ ಮಾಡೋಣ, ಯಾಕೆ ಕೊಟ್ಟೆವು ಅನ್ನೋದರ ಸಮೇತ, ಯಾರು ಬೇಕಾದರೂ ನೋಡುವ ಹಾಗೆ. ಮೊದಲನೆಯದು ತಕ್ಷಣ ಆಯಿತು. ಪಟ್ಟಿಗೆ ಹಳೆ ಪೆಟ್ಟಿಗೆಗಳನ್ನು ತೆಗೆದು ಓದಬೇಕಾಯಿತು, ಇನ್ನೂ ನಡೀತಾ ಇದೆ. ಎರಡೆರಡು ಪುಟ ಮನೆಯ ಕಷ್ಟ ಬರೆದ ಅರ್ಜಿ ಬಂದಾಗ ನಾನು ಅದನ್ನು ಪೂರ್ತಿ ಓದ್ತೀನಿ. ಓದಿ, ನಿಮ್ಮ ನಕ್ಷೆ ತೆಗೆದುಕೊಂಡು ಬನ್ನಿ ಅಂತ ಫೋನ್ ಮಾಡ್ತೀನಿ.

ಅಮ್ಮ ಮತ್ತೆ ಬಂದಿದ್ದು 2024ರ ಮೇನಲ್ಲಿ. ಎಡ ಮೂಲೆಯ ಕಂಬದ ಹತ್ತಿರವೇ ಕುರ್ಚಿ ಹಾಕಿಸಿಕೊಂಡಳು. ಅಲ್ಲಿ ಗಾಳಿ ಜಾಸ್ತಿ ಅಂತೆ.

ಜುಲೈ 8ರ ಬೆಳಗಿನ ಜಾವ ಬೆರಿಲ್ ಚಂಡಮಾರುತ ಬಂತು. ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟ್ ಹೋಯಿತು. ನಮಗೂ ಹೋಯಿತು. ಬೆಳಕು ಹರಿದ ಮೇಲೆ ಹಿತ್ತಲ ಬಾಗಿಲು ತೆಗೆದರೆ ಬೇಲಿ ಇಲ್ಲ. ಉದ್ದಕ್ಕೂ ಮಲಗಿತ್ತು. ಎರಡು ಹಿತ್ತಲು ಸೇರಿ ಒಂದೇ ಬಯಲು. ಜಗಲಿ ನೆಟ್ಟಗೆ ನಿಂತಿತ್ತು, ಗಟರ್ ಕೂಡ. ಕೊಳವೆಯಲ್ಲಿ ನೀರು ಇನ್ನೂ ಸದ್ದು ಮಾಡುತ್ತಾ ಹೋಗುತ್ತಿತ್ತು. ಅಜ್ಜ ತಮ್ಮ ಹಿತ್ತಲಲ್ಲಿ, ಆ ಪಾಚಿಯ ಜಾಗದಲ್ಲಿ, ಕೋಲು ಊರಿ ನೋಡುತ್ತಿದ್ದರು. ಅಲ್ಲೀಗ ಹುಲ್ಲು ಬಂದಿತ್ತು. ಎಲ್ಲ ಕಡೆ ನೀರು ನಿಂತಿತ್ತು, ಅಲ್ಲೂ ಇತ್ತು, ಆದರೆ ಹರಿಯುತ್ತಿತ್ತು.

ಅಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಕೈ ಬೀಸಿ, ಬನ್ನಿ ಬನ್ನಿ ಅಂತ ಕನ್ನಡದಲ್ಲೇ ಕೂಗಿದಳು. ಅವರು ಬಿದ್ದ ಬೇಲಿಯ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಬಂದರು. ನಮ್ಮದು ಗ್ಯಾಸ್ ಒಲೆ. ಬೆಂಕಿಕಡ್ಡಿ ಗೀರಿ ಹಾಲು ಕಾಯಿಸಿದೆ. ಕರೆಂಟ್ ಬರಲು ಐದು ದಿನ ಆಯಿತು. ಐದೂ ದಿನ ಬೆಳಿಗ್ಗೆ ಅವರಿಬ್ಬರೂ ಆ ಕಂಬದ ಹತ್ತಿರ ಕೂತು ಫಿಲ್ಟರ್ ಕಾಫಿ ಕುಡಿದರು. ಅವಳು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ.